ಒಂದು ಅಂಕದ ಪ್ರಶ್ನೆ

ಶಿವಮೊಗ್ಗದ ಕೋಟೆ ಕಡೆಯ ಜನರಿಗೆ ಮಳೆಗಾಲದಲ್ಲಿ ಒಂದು ರೂಢಿಯಿದೆ. ಎರಡು ಮೂರು ದಿನ ಬಿಡದೆ ಸುರಿಯಿತೆಂದರೆ ಕೊಡೆ ಹಿಡಿದುಕೊಂಡು ತುಂಗೆಯ ದಡಕ್ಕೆ ಹೋಗುತ್ತಾರೆ. ಅಲ್ಲಿ ಕೋರ್ಪಲಯ್ಯನ ಛತ್ರದ ಬಳಿ ಹೊಳೆಯಲ್ಲೇ ಒಂದು ಕಲ್ಲಿನ ಮಂಟಪವಿದೆ. ಅದರ ಕಂಬ ಎಷ್ಟು ಕಾಣುತ್ತಿದೆ, ಚಾವಣಿಗೆ ನೀರು ಮುಟ್ಟಿತೇ ಎಂದು ನೋಡುತ್ತಾರೆ. ಮಂಟಪ ಪೂರ್ತಿ ಮುಳುಗಿದರೆ ತುಂಗೆ ತುಂಬಿದಳು ಎಂದೇ ಲೆಕ್ಕ. ಪತ್ರಿಕೆಯವರು ಮರುದಿನ ಕ್ಯುಸೆಕ್ಕಿನ ಅಂಕಿ ಬರೆಯುತ್ತಾರೆ. ಊರಿನವರ ಅಳತೆಗೋಲು ಮಾತ್ರ ಆ ಮಂಟಪ.

ಕೆಲವು ವರ್ಷಗಳ ಹಿಂದೆ ಅಂಥದೊಂದು ಸಂಜೆ ನಾನೂ ಅಲ್ಲಿದ್ದೆ. ಪಕ್ಕದಲ್ಲಿ ಒಬ್ಬ ಹುಡುಗ ನಿಂತಿದ್ದ. ಪಿಡಿಒ ಪರೀಕ್ಷೆಗೆ ಓದುತ್ತಿದ್ದೇನೆ ಎಂದ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಸಾಮಾನ್ಯ ಜ್ಞಾನದ ದಪ್ಪ ಪುಸ್ತಕ ಕಂಕುಳಲ್ಲಿತ್ತು. ಮಾತಿಗೆ ಮಾತು ಬಂದು, ತುಂಗಭದ್ರೆ ಯಾವ ನದಿಯ ಉಪನದಿ ಎಂದು ಕೇಳಿದೆ. ‘ಕೃಷ್ಣಾ’ ಎಂದ, ನನ್ನ ಮಾತು ಮುಗಿಯುವ ಮೊದಲೇ. ಉಗಮ? ‘ಗಂಗಾಮೂಲ, ವರಾಹ ಪರ್ವತ.’ ತುಂಗೆ, ಭದ್ರೆ ಸೇರುವುದೆಲ್ಲಿ? ‘ಕೂಡ್ಲಿ.’ ಮೂರಕ್ಕೆ ಮೂರೂ ಸರಿ. ಆಗ ನಮ್ಮ ಹಿಂದೆ ನಿಂತಿದ್ದ ಹಿರಿಯರೊಬ್ಬರು ತಮ್ಮಷ್ಟಕ್ಕೆ ಹೇಳಿಕೊಂಡರು: ‘ಬೆಳಿಗ್ಗೆ ಹೊತ್ತಿಗೆ ಮುಳುಗ್ತದೆ ನೋಡಿ. ಶೃಂಗೇರಿ ಕಡೆ ಹಿಡಿದ ಮಳೆ ಬಿಟ್ಟಿಲ್ಲ. ಗಾಜನೂರು ಡ್ಯಾಮಲ್ಲಿ ನಿಲ್ಲಿಸಿಕೊಳ್ಳೋಕೆ ಜಾಗ ಇಲ್ಲ.’ ಬೆಳಿಗ್ಗೆ ಹೋಗಿ ನೋಡಿದರೆ ಮಂಟಪ ನೀರಿನಡಿ ಇತ್ತು.

ಆ ಇಬ್ಬರಲ್ಲಿ ಸಾಮಾನ್ಯ ಜ್ಞಾನ ಯಾರಿಗಿತ್ತು? ಅಂದಿನಿಂದ ನನ್ನನ್ನು ಬಿಡದೆ ಕಾಡಿದ ಪ್ರಶ್ನೆ ಇದು. ಹುಡುಗನಿಗೆ ನದಿಯ ಹೆಸರು, ಉಗಮ, ಸಂಗಮ ಎಲ್ಲ ಗೊತ್ತಿತ್ತು. ಕಣ್ಣ ಮುಂದಿನ ಹೊಳೆ ಏನು ಹೇಳುತ್ತಿದೆಯೆಂದು ತಿಳಿಯಲಿಲ್ಲ. ಹಿರಿಯರು ಹೊಳೆಯನ್ನು ಓದಬಲ್ಲವರಾಗಿದ್ದರು. ಒಂದು ಅಂಕದ ಪ್ರಶ್ನೆಪತ್ರಿಕೆ ಕೊಟ್ಟಿದ್ದರೆ ಬಹುಶಃ ಹುಡುಗನೇ ಮುಂದಿರುತ್ತಿದ್ದ. ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಒಬ್ಬರನ್ನು ಗೆಲ್ಲಿಸುವುದು ನನ್ನ ಉದ್ದೇಶವಲ್ಲ. ಹುಡುಗನ ಉತ್ತರವೂ ಹಿರಿಯರ ತಿಳಿವಳಿಕೆಯೂ ಒಂದೇ ತಲೆಯೊಳಗೆ ಕೂಡಬೇಕು. ಹಾಗೆ ಕೂಡಿಸುವ ಕೆಲಸವನ್ನು ನಮ್ಮ ಶಾಲೆಗಳೂ ಪರೀಕ್ಷೆಗಳೂ ರಸಪ್ರಶ್ನೆಗಳೂ ಬಿಟ್ಟುಬಿಟ್ಟಿವೆ ಎನ್ನುವುದು ನನ್ನ ದೂರು. ಪ್ರತಿ ಉತ್ತರದ ಬೆನ್ನಿಗೆ ‘ಅದು ಗೊತ್ತಾದದ್ದು ಹೇಗೆ, ಹಾಗಿರುವುದು ಏಕೆ’ ಎಂಬ ಎರಡನೆಯ ಪ್ರಶ್ನೆ ಕೇಳುವುದನ್ನು ರೂಢಿಸಿಕೊಂಡರೆ ಆ ಕೆಲಸ ಆಗುತ್ತದೆ ಎನ್ನುವುದು ನನ್ನ ವಾದ.

ಬಿಡಿ ಬಿಡಿ ಸಂಗತಿಗಳನ್ನು ಕಲಿಯುವುದೇ ವ್ಯರ್ಥ ಎನ್ನುವವರ ಗುಂಪಿಗೆ ನಾನು ಸೇರಿಲ್ಲ. ‘ಸಾಮಾನ್ಯ’ ಎನ್ನುವ ಮಾತಿಗೆ ಎಲ್ಲರಿಗೂ ಸೇರಿದ್ದು ಎಂಬ ಅರ್ಥವೂ ಇದೆ. ವೈದ್ಯನಿಗೆ ವೈದ್ಯ, ರೈತನಿಗೆ ಬೇಸಾಯ, ಕಮ್ಮಾರನಿಗೆ ಕುಲುಮೆ ತಿಳಿದಿರುತ್ತದೆ. ಇವರೆಲ್ಲ ಒಂದು ಕಟ್ಟೆಯ ಮೇಲೆ ಕುಳಿತು ಮಾತಾಡಬೇಕಾದರೆ ಎಲ್ಲರಿಗೂ ಗೊತ್ತಿರುವ ಒಂದಷ್ಟು ಸಂಗತಿಗಳು ಬೇಕು. ಪ್ರಜಾಪ್ರಭುತ್ವ ನಡೆಯುವುದು ಇಂಥ ಹಂಚಿಕೊಂಡ ತಿಳಿವಳಿಕೆಯ ಮೇಲೆ. ಹೆಸರು, ಇಸವಿ, ಊರು ಯಾವುದೂ ನೆನಪಿಲ್ಲದವನ ವಿಚಾರಕ್ಕೆ ಕಾಲೂರಲು ನೆಲವಿರುವುದಿಲ್ಲ. ಆದ್ದರಿಂದ ಒಂದು ಅಂಕದ ಪ್ರಶ್ನೆಯನ್ನು ನಾನು ಗೌರವಿಸುತ್ತೇನೆ. ಅದು ಬಾಗಿಲು. ಬಾಗಿಲಲ್ಲೇ ನಿಂತು ಮನೆ ನೋಡಿದೆ ಎನ್ನಬಾರದಷ್ಟೆ.

ಈ ನೆಲದಲ್ಲಿ ಪ್ರಶ್ನೆಯನ್ನು ಹೇಗೆ ಕಾಣುತ್ತಿದ್ದರು ಎನ್ನುವುದಕ್ಕೆ ಕೋಟೆಯ ಹೆಸರಿನೊಂದಿಗೇ ಬೆಸೆದುಕೊಂಡ ಸಾಕ್ಷಿಯಿದೆ. ಶಿವಮೊಗ್ಗದ ಕೋಟೆ ಎಂದೊಡನೆ ನೆನಪಾಗುವುದು ಕೆಳದಿಯ ಶಿವಪ್ಪನಾಯಕ. ಅವನ ಆಳ್ವಿಕೆ 1645ರಿಂದ 1660ರವರೆಗೆ. ‘ಶಿಸ್ತು’ ಎಂಬ ಕಂದಾಯ ಪದ್ಧತಿ ಯಾರದು ಎಂಬ ಪ್ರಶ್ನೆಗೆ ಅವನ ಹೆಸರು ಬರೆಯುವುದನ್ನು ಹೈಸ್ಕೂಲಿನ ಮಕ್ಕಳೂ ಬಲ್ಲರು. ಅದೇ ಮನೆತನದ ಕೆಳದಿ ಚೆನ್ನಮ್ಮ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟದ್ದೂ ಪಾಠದಲ್ಲಿದೆ. ಆದರೆ ಚೆನ್ನಮ್ಮನ ದತ್ತುಮಗ ಬಸವಪ್ಪನಾಯಕನ ಹೆಸರು ಕೇಳಿದರೆ ಹೆಚ್ಚಿನವರು ತಡವರಿಸುತ್ತಾರೆ. 1697ರಿಂದ 1714ರವರೆಗೆ ಆಳಿದ ಈ ಅರಸ ‘ಶಿವತತ್ತ್ವರತ್ನಾಕರ’ ಎಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದ. ರತ್ನಾಕರವೆಂದರೆ ಕಡಲು. ಅದಕ್ಕೆ ತಕ್ಕಂತೆ ಗ್ರಂಥದ ಭಾಗಗಳಿಗೆ ‘ಕಲ್ಲೋಲ’ ಎಂದೂ ಒಳ ಅಧ್ಯಾಯಗಳಿಗೆ ‘ತರಂಗ’ ಎಂದೂ ಹೆಸರು. ಭೂಗೋಳ, ರಾಜನೀತಿ, ಸಂಗೀತ, ನಾಟ್ಯ, ವೈದ್ಯ, ಪಾಕಶಾಸ್ತ್ರ, ರತ್ನಪರೀಕ್ಷೆ, ಆನೆ ಕುದುರೆಗಳ ಲಕ್ಷಣ, ಜೊತೆಗೆ ಕೆಳದಿ ಅರಸರ ಚರಿತ್ರೆ ಎಲ್ಲವೂ ಅದರಲ್ಲಿದೆ.

ಆ ಗ್ರಂಥದ ಹಂದರ ನನಗೆ ಬಹಳ ಪ್ರಿಯವಾದದ್ದು. ಮಗ ಸೋಮಶೇಖರ ಕೇಳುತ್ತಾನೆ, ತಂದೆ ಹೇಳುತ್ತಾನೆ. ಅಂದರೆ ಮುನ್ನೂರು ವರ್ಷಗಳ ಹಿಂದೆ ಮಲೆನಾಡಿನ ಅರಮನೆಯಲ್ಲಿ ಹುಟ್ಟಿದ ಸಾಮಾನ್ಯ ಜ್ಞಾನದ ಪುಸ್ತಕವೂ ಪ್ರಶ್ನೋತ್ತರದ ರೂಪದಲ್ಲೇ ಇತ್ತು. ಅಲ್ಲಿ ಒಂದು ಪ್ರಶ್ನೆಗೆ ಉತ್ತರ ಒಂದು ಅಲೆಯಷ್ಟು ಉದ್ದ. ಒಂದು ಅಲೆ ಇನ್ನೊಂದನ್ನು ಎಬ್ಬಿಸುತ್ತದೆ. ಇದಕ್ಕೂ ಹಿಂದೆ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ವನ್ನೂ, ಹನ್ನೊಂದನೆಯ ಶತಮಾನದಲ್ಲಿ ಎರಡನೆಯ ಚಾವುಂಡರಾಯ ಕನ್ನಡದಲ್ಲಿ ‘ಲೋಕೋಪಕಾರ’ವನ್ನೂ ಕೊಟ್ಟಿದ್ದರು. ನಮ್ಮ ಕಾಲಕ್ಕೆ ಬಂದರೆ ಶಿವರಾಮ ಕಾರಂತರು ಒಬ್ಬರೇ ಕುಳಿತು ಮಕ್ಕಳಿಗೆ ‘ಬಾಲ ಪ್ರಪಂಚ’, ದೊಡ್ಡವರಿಗೆ ‘ವಿಜ್ಞಾನ ಪ್ರಪಂಚ’ ಬರೆದರು. ನಿರಂಜನರ ಸಂಪಾದಕತ್ವದಲ್ಲಿ ‘ಜ್ಞಾನ ಗಂಗೋತ್ರಿ’ಯ ಏಳು ಸಂಪುಟಗಳು ಬಂದವು. 2002ರಲ್ಲಿ ದೂರದರ್ಶನದಲ್ಲಿ ಆರಂಭವಾದ ‘ಥಟ್ ಅಂತ ಹೇಳಿ’ ಕಾರ್ಯಕ್ರಮದಲ್ಲಿ ಡಾ. ನಾ. ಸೋಮೇಶ್ವರರು ಸರಿಯುತ್ತರಕ್ಕೆ ಬಹುಮಾನವಾಗಿ ಕನ್ನಡ ಪುಸ್ತಕ ಕೊಟ್ಟರು. ಉತ್ತರ ಹೇಳಿದವನ ಕೈಗೆ ಪುಸ್ತಕ ಕೊಡುವುದೆಂದರೆ, ನಿನ್ನ ಉತ್ತರಕ್ಕೆ ಮುಂದಿನ ಪುಟಗಳಿವೆ, ಓದು ಎಂದು ಹೇಳಿದಂತೆ. ನಮ್ಮ ಪರಂಪರೆಯ ಹದ ಇದು.

ಈಗಿನ ಗೈಡುಗಳಲ್ಲಿ ಈ ಹದ ತಪ್ಪಿದೆ. ಅವುಗಳಲ್ಲಿ ಪ್ರಶ್ನೆ ಒಂದು ಸಾಲು, ಉತ್ತರ ಒಂದು ಪದ. ಈ ಪದ ಎಲ್ಲಿಂದ ಬಂತು, ಎಷ್ಟು ದಿನ ನಿಲ್ಲುತ್ತದೆ ಎನ್ನುವ ಸೂಚನೆಯೇ ಇಲ್ಲ. ಕನ್ನಡದ ಅತ್ಯಂತ ಹಳೆಯ ಶಾಸನ ಯಾವುದು ಎಂಬ ಪ್ರಶ್ನೆಯನ್ನೇ ನೋಡಿ. ನಾವೆಲ್ಲ ಕಲಿತ ಉತ್ತರ ಹಲ್ಮಿಡಿ. 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಬೇಲೂರು ತಾಲ್ಲೂಕಿನ ಆ ಊರಿನಲ್ಲಿ ಗುರುತಿಸಿದ ಹದಿನಾರು ಸಾಲಿನ ಶಾಸನ. ಕಾಲ ಸುಮಾರು ಕ್ರಿ.ಶ. 450. ಆದರೆ ನಮ್ಮದೇ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಪ್ರಣವೇಶ್ವರ ದೇವಾಲಯದಲ್ಲಿ 2013ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಉತ್ಖನನ ನಡೆಸಿದಾಗ ಸಿಂಹಕಟಾಂಜನದ (ಮೆಟ್ಟಿಲ ಬದಿಯ ಸಿಂಹದ ಕೆತ್ತನೆಯ ಕೈಪಿಡಿಗಲ್ಲಿನ) ಮೇಲೆ ಒಂದು ಬರಹ ಸಿಕ್ಕಿತು. ಸಂಸ್ಕೃತದ ಜೊತೆ ಕನ್ನಡದ ಮಾತುಗಳೂ ಇರುವ ಏಳು ಸಾಲುಗಳು. ಇಲಾಖೆ ಅದರ ಕಾಲವನ್ನು ಕ್ರಿ.ಶ. 370 ಎಂದು ಗುರುತಿಸಿತು. ವಿದ್ವಾಂಸರ ನಡುವೆ ಚರ್ಚೆ ಇನ್ನೂ ನಡೆದಿದೆ. ಕನ್ನಡದ ಬರಹದ ವಯಸ್ಸು ಮಾತ್ರ ಸುಮಾರು ಎಂಬತ್ತು ವರ್ಷ ಹಿಂದಕ್ಕೆ ಹೋಗುವ ಬಾಗಿಲು ತೆರೆಯಿತು.

‘ಹಲ್ಮಿಡಿ’ ಎಂದು ಬಾಯಿಪಾಠ ಮಾಡಿದವನಿಗೆ ಈ ಸುದ್ದಿ ತೊಂದರೆ. ಯಾವುದನ್ನು ಗುರುತು ಹಾಕಬೇಕು, ಎ ನೋ ಬಿ ನೋ? ಶಾಸನದ ಕಾಲವನ್ನು ಹೇಗೆ ಕಂಡುಹಿಡಿಯುತ್ತಾರೆ ಎಂದು ಕಲಿತವನಿಗೆ ಇದೇ ಸುದ್ದಿ ಹಬ್ಬ. ಇವೆರಡೂ ಶಕವರ್ಷ ಕಾಣಿಸಿದ ಶಾಸನಗಳಲ್ಲ. ಅಕ್ಷರದ ತಲೆಕಟ್ಟು, ಗೆರೆಗಳ ಬಾಗು ಬಳುಕು, ಬರಹದಲ್ಲಿ ಬರುವ ಅರಸರ ಹೆಸರು, ಜೊತೆಯಲ್ಲಿ ಸಿಕ್ಕ ವಸ್ತುಗಳು ಇವನ್ನೆಲ್ಲ ಬೇರೆ ಶಾಸನಗಳೊಂದಿಗೆ ಹೋಲಿಸಿ ಕಾಲ ಹೇಳಬೇಕು. ಹೋಲಿಕೆ ಎಂದ ಮೇಲೆ ಅಭಿಪ್ರಾಯಭೇದ ಇದ್ದೇ ಇರುತ್ತದೆ. ಇದು ತಿಳಿದವನು ಉತ್ತರ ಬದಲಾದಾಗ ಗಾಬರಿಯಾಗುವುದಿಲ್ಲ, ಮೋಸಹೋಗುವುದೂ ಇಲ್ಲ. ಅದೇ ತಾಳಗುಂದದಲ್ಲಿ ಕುಬ್ಜನೆಂಬ ಕವಿ ಬರೆದ ಸ್ತಂಭಶಾಸನವಿದೆ. ಕಂಚಿಯ ಘಟಿಕೆಗೆ ಓದಲು ಹೋದ ಮಯೂರಶರ್ಮ ಪಲ್ಲವರ ಅಶ್ವಾರೋಹಿಯೊಂದಿಗೆ ಜಗಳವಾಗಿ, ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದ ಕಥೆ ನಮಗೆ ಸಿಗುವುದು ಆ ಕಲ್ಲಿನಿಂದ. ಮಯೂರನನ್ನು ನಾವೆಲ್ಲ ಸಿನಿಮಾದಲ್ಲಿ ನೋಡಿದ್ದೇವೆ. ಅವನ ಕಥೆ ಎಲ್ಲಿಂದ ಬಂತು ಎಂದು ಕೇಳಿದರೆ ಬೆರಳು ತೋರಿಸಬೇಕಾದದ್ದು ನಮ್ಮ ಜಿಲ್ಲೆಯ ಒಂದು ಕಂಬದ ಕಡೆಗೆ.

ಕಲ್ಲನ್ನು ಓದುವುದಕ್ಕೆ ತಾಳಗುಂದದವರೆಗೂ ಹೋಗಬೇಕಿಲ್ಲ. ಕೋಟೆಯಲ್ಲೇ ಶಿವಪ್ಪನಾಯಕನ ಅರಮನೆ ಎಂದು ಕರೆಯುವ ಕಟ್ಟಡ ಈಗ ಸರ್ಕಾರಿ ವಸ್ತುಸಂಗ್ರಹಾಲಯ. ಒಳಗೆ ಮರದ ದಪ್ಪ ಕಂಬಗಳು; ಹೊರಗೆ ಹುಲ್ಲುಹಾಸಿನ ಮೇಲೆ ಸುತ್ತಲಿನ ಊರುಗಳಿಂದ ತಂದು ನಿಲ್ಲಿಸಿದ ವಿಗ್ರಹಗಳು, ಶಾಸನಗಳು, ವೀರಗಲ್ಲುಗಳು. ಶಾಲೆಯ ಮಕ್ಕಳು ಪ್ರವಾಸಕ್ಕೆ ಬಂದಾಗ ಸಾಲಾಗಿ ಒಳಹೋಗಿ ಸಾಲಾಗಿ ಹೊರಬರುವುದನ್ನು ನೋಡಿದ್ದೇನೆ. ಒಮ್ಮೆ ಒಬ್ಬ ಮೇಷ್ಟ್ರು ಮಾತ್ರ ಐದಾರು ಮಕ್ಕಳನ್ನು ಒಂದು ವೀರಗಲ್ಲಿನ ಮುಂದೆ ಕೂರಿಸಿದರು. ‘ಕೆಳಗಿನಿಂದ ಮೇಲಕ್ಕೆ ಓದ್ರಪ್ಪಾ’ ಎಂದರು. ಮಕ್ಕಳು ಬೆರಳಿಟ್ಟು ನೋಡಿದರು. ಕೆಳಗಿನ ಪಟ್ಟಿಯಲ್ಲಿ ಕಾಳಗ, ಕತ್ತಿ ಎತ್ತಿದ ಒಬ್ಬ, ಎದುರಿಗೆ ಬಿಲ್ಲುಗಾರರು. ನಡುವಿನ ಪಟ್ಟಿಯಲ್ಲಿ ಅದೇ ವೀರನನ್ನು ಎರಡೂ ಕಡೆಯಿಂದ ಅಪ್ಸರೆಯರು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಶಿವಲಿಂಗ, ಪೂಜಾರಿ, ಕೈಮುಗಿದು ಕುಳಿತ ವೀರ. ಎಲ್ಲಕ್ಕಿಂತ ಮೇಲೆ ಸೂರ್ಯ, ಚಂದ್ರ.

‘ಸೂರ್ಯಚಂದ್ರರು ಯಾಕೆ ಸಾರ್?’ ಎಂದು ಒಬ್ಬಳು ಕೇಳಿದಳು. ಅವರಿರುವವರೆಗೆ ಇವನ ಹೆಸರಿರಲಿ ಅಂತ, ಎಂದರು ಮೇಷ್ಟ್ರು. ‘ಹೆಸರು ಎಲ್ಲಿದೆ?’ ಎಂದಳು. ಪಟ್ಟಿಗಳ ನಡುವಿನ ಅಂಚಿನಲ್ಲಿ ಸವೆದುಹೋದ ಅಕ್ಷರಗಳಿದ್ದವು. ಮಕ್ಕಳೆಲ್ಲ ಬಗ್ಗಿ ಒಂದೊಂದೇ ಅಕ್ಷರ ಹುಡುಕತೊಡಗಿದರು. ಈಗಿನ ‘ಗ’ಕಾರದಂತೆ ಕಾಣುವ ಒಂದು ಗುರುತು ಸಿಕ್ಕಾಗ ಅವರು ಕೂಗಿದ ಕೂಗು ನನಗೆ ಇನ್ನೂ ನೆನಪಿದೆ. ‘ಯುದ್ಧದಲ್ಲಿ ಮಡಿದ ವೀರನ ಸ್ಮಾರಕಕ್ಕೆ ಏನೆನ್ನುತ್ತಾರೆ?’ ಎಂಬ ಒಂದು ಅಂಕದ ಪ್ರಶ್ನೆಗೆ ಆ ಮಕ್ಕಳು ಜೀವಮಾನದಲ್ಲಿ ತಪ್ಪು ಉತ್ತರ ಬರೆಯಲಾರರು. ಜೊತೆಗೆ, ಸಾಮಾನ್ಯ ಜನ ತಮ್ಮವನೊಬ್ಬನನ್ನು ನೆನೆಯಲು ಏನೆಲ್ಲ ಮಾಡಿದರು ಎನ್ನುವುದೂ ಅವರಿಗೆ ಗೊತ್ತಾಯಿತು. ಎರಡನೆಯ ಪ್ರಶ್ನೆ ಮೊದಲನೆಯ ಉತ್ತರವನ್ನು ಗಟ್ಟಿ ಮಾಡುತ್ತದೆ ಎಂದು ನಾನು ಹೇಳುವುದು ಇಂಥದ್ದನ್ನು ಕಂಡೇ.

ಭೂಗೋಳದ ಪ್ರಶ್ನೆಗಳಿಗೂ ಇದೇ ಮಾತು. ‘ಗಂಗಾ ಸ್ನಾನ, ತುಂಗಾ ಪಾನ’ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಈ ತುಂಗೆ ಶೃಂಗೇರಿ, ತೀರ್ಥಹಳ್ಳಿ ದಾಟಿ ನಮ್ಮೂರಿಗೆ ಬರುತ್ತಾಳೆ. ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿ, ಕೃಷ್ಣೆಯನ್ನು ಸೇರಿ, ಕೊನೆಗೆ ಬಂಗಾಳ ಕೊಲ್ಲಿ ಮುಟ್ಟುತ್ತಾಳೆ. ಅದೇ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಜೋಗದಲ್ಲಿ 253 ಮೀಟರ್ ಧುಮುಕಿ ಹೊನ್ನಾವರದಲ್ಲಿ ಅರಬ್ಬೀ ಸಮುದ್ರ ಸೇರುತ್ತಾಳೆ. ಒಂದೇ ತಾಲ್ಲೂಕಿನ ಮಳೆ ಎರಡು ಕಡಲುಗಳ ಪಾಲು! ಗೈಡಿನಲ್ಲಿ ಇವು ಎರಡು ಬೇರೆ ಬೇರೆ ಪುಟಗಳಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು. ಪಕ್ಕಪಕ್ಕದಲ್ಲಿಟ್ಟು ‘ಏಕೆ?’ ಎಂದು ಕೇಳಿದರೆ ಪಶ್ಚಿಮ ಘಟ್ಟವೇ ಅರ್ಥವಾಗುತ್ತದೆ. ಘಟ್ಟದ ಅಂಚು ಪಶ್ಚಿಮಕ್ಕೆ ಗೋಡೆಯಂತೆ ಕಡಿದು ಇಳಿದಿದೆ. ಬೆನ್ನು ಪೂರ್ವಕ್ಕೆ ನಿಧಾನವಾಗಿ ವಾಲಿದೆ. ಕಡಲು ಕೂಗಳತೆಯಲ್ಲಿದ್ದರೂ ತುಂಗೆ ಅದಕ್ಕೆ ಬೆನ್ನು ಹಾಕಿ ಇಡೀ ಪ್ರಸ್ಥಭೂಮಿಯನ್ನು ಹಾಯುವುದು ಈ ವಾಲಿನಿಂದ. ಕಡಲಿನಿಂದ ಬಂದ ಮೋಡ ಆ ಗೋಡೆಗೆ ಬಡಿದು ಮೇಲೇರಿ ತಣಿದು ಸುರಿಯುವುದರಿಂದಲೇ ಆಗುಂಬೆಗೆ ಅಷ್ಟು ಮಳೆ. ಮಂಟಪ ಮುಳುಗುವುದನ್ನು ಮುಂಚೆಯೇ ಹೇಳಿದ ಆ ಹಿರಿಯರ ಲೆಕ್ಕವೂ ಇದೇ: ಮೇಲೆ ಬಿದ್ದದ್ದು ಕೆಳಗೆ ಬರಲೇಬೇಕು.

ಆಗುಂಬೆಯ ಮಾತು ಬಂದದ್ದಕ್ಕೆ ಇನ್ನೊಂದು ಸಂಗತಿ. ‘ದಕ್ಷಿಣದ ಚಿರಾಪುಂಜಿ’ ಯಾವುದು ಎಂಬ ಪ್ರಶ್ನೆಗೆ ಆಗುಂಬೆ ಎಂದು ಅಂಕ ಕೊಡುತ್ತಾ ಬಂದಿದ್ದೇವೆ. ಈಚಿನ ದಶಕಗಳಲ್ಲಿ ಪಕ್ಕದ ಹೊಸನಗರ ತಾಲ್ಲೂಕಿನ ಹುಲಿಕಲ್ಲಿನಲ್ಲಿ ಅದಕ್ಕಿಂತ ಹೆಚ್ಚು ಮಳೆ ದಾಖಲಾದ ವರ್ಷಗಳಿವೆ. ಚಿರಾಪುಂಜಿಯೂ ತನ್ನ ಮೊದಲ ಸ್ಥಾನವನ್ನು ಮಾಸಿನ್ರಾಮಿಗೆ ಬಿಟ್ಟುಕೊಟ್ಟಿದೆ. ಮಳೆ ಅಳೆಯುವ ಮಾಪಕ ಎಲ್ಲಿದೆ, ಎಂದಿನಿಂದ ಇದೆ ಎನ್ನುವುದರ ಮೇಲೆ ದಾಖಲೆ ನಿಂತಿರುತ್ತದೆ. ಅಳೆಯದ ಊರಿನಲ್ಲಿ ಎಷ್ಟೇ ಸುರಿದರೂ ಅದಕ್ಕೆ ಲೆಕ್ಕವಿಲ್ಲ. ಈ ಒಂದು ಮಾತು ತಿಳಿದ ಹುಡುಗ ಮುಂದೆ ಯಾವ ‘ಅತಿ ಹೆಚ್ಚು’, ‘ಅತಿ ದೊಡ್ಡ’ ಎಂಬ ಮಾತನ್ನೂ ಕಣ್ಣುಮುಚ್ಚಿ ನಂಬುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ದಿನಕ್ಕೆ ನಾಲ್ಕು ‘ನಿಮಗಿದು ಗೊತ್ತೇ?’ ಬರುವ ಕಾಲದಲ್ಲಿ ಇದೇನು ಸಣ್ಣ ರಕ್ಷಣೆಯಲ್ಲ.

ಇನ್ನು ಭದ್ರಾವತಿಗೆ ಬನ್ನಿ. ‘ಕರ್ನಾಟಕದ ಉಕ್ಕಿನ ನಗರ ಯಾವುದು?’ ಭದ್ರಾವತಿ. ‘ಅದರ ಹಳೆಯ ಹೆಸರು?’ ಬೆಂಕಿಪುರ. ಈ ಎರಡು ಉತ್ತರಗಳನ್ನು ಒಟ್ಟಿಗೆ ಕಲಿತ ಮಗು, ಕುಲುಮೆಯ ಬೆಂಕಿಯಿಂದಲೇ ಆ ಹೆಸರು ಬಂದಿರಬೇಕು ಎಂದುಕೊಂಡರೆ ತಪ್ಪೇನಿಲ್ಲ. ಆದರೆ ಇಸವಿ ಕೇಳಿದೊಡನೆ ಊಹೆ ಬಿದ್ದುಹೋಗುತ್ತದೆ. ಕಾರ್ಖಾನೆಯ ಕೆಲಸ ಶುರುವಾದದ್ದು 1918ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ದಿವಾನ ವಿಶ್ವೇಶ್ವರಯ್ಯನವರ ಸಂಕಲ್ಪದಿಂದ. ಕಬ್ಬಿಣ ಹೊರಬಂದದ್ದು 1923ರಲ್ಲಿ. ಬೆಂಕಿಪುರ ಎಂಬ ಹೆಸರು ಅದಕ್ಕೂ ಎಷ್ಟೋ ಹಿಂದಿನದು. ಊರ ನಡುವಿನ ಲಕ್ಷ್ಮೀನರಸಿಂಹ ದೇವಾಲಯ ಹೊಯ್ಸಳರ ಕಾಲದ್ದು. ವಂಕಿ ಎಂಬ ಋಷಿಯಿಂದ ವಂಕಿಪುರ, ಅದೇ ಬೆಂಕಿಪುರವಾಯಿತು ಎಂದು ಊರಿನ ಐತಿಹ್ಯ ಹೇಳುತ್ತದೆ. ಐತಿಹ್ಯವನ್ನು ಐತಿಹ್ಯವೆಂದೇ ಕಲಿಯೋಣ. ಶಿವಮೊಗ್ಗಕ್ಕೂ ‘ಶಿವನ ಮುಖ’, ‘ಸಿಹಿ ಮೊಗೆ’ ಎಂಬ ಎರಡು ಕಥೆಗಳಿವೆ. ಇಸವಿ ಎನ್ನುವುದು ಬರೀ ಬಾಯಿಪಾಠದ ಹೊರೆ ಎನ್ನುವವರಿಗೆ ಬೆಂಕಿಪುರದ ಉದಾಹರಣೆ ಸಾಕು. ಯಾವುದು ಮೊದಲು, ಯಾವುದು ಆಮೇಲೆ ಎಂದು ಗೊತ್ತಿಲ್ಲದೆ ಕಾರಣ ಹೇಳಲು ಬರುವುದಿಲ್ಲ.

ಕಾರ್ಖಾನೆ ಅಲ್ಲೇ ಏಕೆ ಬಂತು ಎನ್ನುವುದು ಮುಂದಿನ ಪ್ರಶ್ನೆ. ಅದಿರು ಬಾಬಾಬುಡನ್ ಸಾಲಿನ ಕೆಮ್ಮಣ್ಣುಗುಂಡಿಯಲ್ಲಿತ್ತು. ಹೆಸರಲ್ಲೇ ಇದೆಯಲ್ಲ, ಕೆಂಪು ಮಣ್ಣಿನ ಗುಂಡಿ. ನೀರಿಗೆ ಭದ್ರೆ ಇದ್ದಳು. ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲು ಇರಲಿಲ್ಲ. ಅದಿರಿನಿಂದ ಕಬ್ಬಿಣ ಬೇರೆಯಾಗಬೇಕಾದರೆ ಅದಕ್ಕೆ ಅಂಟಿಕೊಂಡ ಆಮ್ಲಜನಕವನ್ನು ಕಿತ್ತುಕೊಳ್ಳಲು ಇಂಗಾಲ ಬೇಕು. ಆ ಇಂಗಾಲವನ್ನು ಮಲೆನಾಡಿನ ಕಾಡು ಕೊಟ್ಟಿತು. ಸೌದೆಯನ್ನು ಗಾಳಿ ತಾಗದಂತೆ ಕಾಯಿಸಿ ಇದ್ದಿಲು ಮಾಡಿದರು. ಹೊರಟ ಹೊಗೆಯನ್ನೂ ಬಿಡದೆ ತಣಿಸಿ ರಾಸಾಯನಿಕಗಳನ್ನು ತೆಗೆದರು. ಈ ಒಂದು ಊರಿನಲ್ಲಿ ಭೂಗೋಳ, ರಸಾಯನಶಾಸ್ತ್ರ, ಅರ್ಥಶಾಸ್ತ್ರ, ಚರಿತ್ರೆ ನಾಲ್ಕೂ ಸೇರುತ್ತವೆ. ಬಲಿಯಾದ ಕಾಡಿನ ಲೆಕ್ಕವೂ ಸೇರುತ್ತದೆ. ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟ ಮೇಲೂ 1923ರಿಂದ ಈ ಕಾರ್ಖಾನೆಯ ಆಡಳಿತ ಹೊತ್ತು ಅದನ್ನು ತನ್ನ ಕಾಲ ಮೇಲೆ ನಿಲ್ಲಿಸಿದರು ಎನ್ನುವುದನ್ನು ತಿಳಿದರೆ ಅವರ ಹುಟ್ಟುಹಬ್ಬವಾದ ಸೆಪ್ಟೆಂಬರ್ 15ರ ಭಾಷಣಗಳಿಗೂ ತೂಕ ಬರುತ್ತದೆ.

ಇದರ ಇನ್ನೊಂದು ಮುಖ ನೋವಿನದು. ಭದ್ರಾವತಿಯಲ್ಲೇ ಇದ್ದ ಮೈಸೂರು ಪೇಪರ್ ಮಿಲ್ಸ್ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ವಿಐಎಸ್‌ಎಲ್ ಎಂದು ಹೆಸರಾದ ಆ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕೂತರು. ‘ಉಕ್ಕು ಮತ್ತು ಕಾಗದದ ನಗರ’ ಎಂಬ ಉತ್ತರವನ್ನು ಗೈಡುಗಳು ಈಗಲೂ ಅಚ್ಚು ಹಾಕುತ್ತಿವೆ. ಆ ಉತ್ತರಕ್ಕೆ ಒಂದು ಅಂಕ ಪಡೆಯುವ ಭದ್ರಾವತಿಯ ಹುಡುಗಿಯ ಅಪ್ಪ ಅದೇ ಕಾರ್ಖಾನೆಯ ಕೆಲಸ ಕಳೆದುಕೊಂಡವನಾಗಿರಬಹುದು. ಅವಳು ಮನೆಯಲ್ಲಿ ಕಾಣುವುದಕ್ಕೂ ಪುಸ್ತಕದಲ್ಲಿ ಓದುವುದಕ್ಕೂ ಸಂಬಂಧವೇ ಇಲ್ಲದಂತಾದರೆ ವಿದ್ಯೆಯ ಮೇಲಿನ ನಂಬಿಕೆ ಉಳಿಯುವುದಾದರೂ ಹೇಗೆ?

ಅದೇ ಭದ್ರಾವತಿ ಕೊಟ್ಟ ಇನ್ನೊಂದು ಹೆಸರು ಜಿ. ಆರ್. ವಿಶ್ವನಾಥ್. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೊದಲ ಟೆಸ್ಟ್ ಆಡಿದಾಗ ಮೊದಲ ಇನ್ನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ರಸಪ್ರಶ್ನೆಯವರಿಗೆ ಇದು ಅಚ್ಚುಮೆಚ್ಚು. ನನಗೆ ಅದಕ್ಕಿಂತ ಮುಖ್ಯವಾದದ್ದು 1980ರ ಮುಂಬೈ ಟೆಸ್ಟ್. ನಾಯಕನಾಗಿದ್ದ ವಿಶ್ವನಾಥ್, ಅಂಪೈರ್ ಔಟ್ ಕೊಟ್ಟಿದ್ದ ಇಂಗ್ಲೆಂಡಿನ ಬಾಬ್ ಟೇಲರನನ್ನು ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ವಾಪಸು ಕರೆದರು. ಆ ಪಂದ್ಯವನ್ನು ಭಾರತ ಸೋತಿತು. ಸೊನ್ನೆ ಮತ್ತು 137 ದಾಖಲೆ. ವಾಪಸು ಕರೆದದ್ದು ಮೌಲ್ಯ. ಸಂಗತಿಯ ಪಕ್ಕದಲ್ಲೇ ಮೌಲ್ಯವಿರುತ್ತದೆ. ಒಂದು ಹೆಜ್ಜೆ ಮುಂದೆ ಹೋದವರಿಗೆ ಸಿಗುತ್ತದೆ.

ಸಾಹಿತ್ಯದಿಂದ ಒಂದೇ ಉದಾಹರಣೆ ಕೊಡುತ್ತೇನೆ. ಕುವೆಂಪು ಹುಟ್ಟಿದ್ದು ಎಲ್ಲಿ? ಗಡಿಬಿಡಿಯವರು ಕುಪ್ಪಳಿ ಎನ್ನುತ್ತಾರೆ. ತಯಾರಾದವರು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆ ಎನ್ನುತ್ತಾರೆ. ಎರಡನೆಯದು ಸರಿ, 1904ರ ಡಿಸೆಂಬರ್ 29. ನಮ್ಮಲ್ಲಿ ಇದನ್ನು ಅಭ್ಯರ್ಥಿಯನ್ನು ಬೀಳಿಸುವ ಗುಂಡಿಯಾಗಿ ಬಳಸುತ್ತಾರೆ. ಹಿರೇಕೊಡಿಗೆ ತಾಯಿಯ ತವರು, ಹೆರಿಗೆಗೆ ತವರಿಗೆ ಹೋಗುವುದು ನಮ್ಮ ಪದ್ಧತಿ ಎಂದು ಒಂದು ಮಾತು ಸೇರಿಸಿದರೆ ಗುಂಡಿ ಮುಚ್ಚಿಹೋಗುತ್ತದೆ. ಪ್ರಶ್ನೆ ಇರಬೇಕಾದದ್ದು ತಿಳಿಸುವುದಕ್ಕೆ, ಬೀಳಿಸುವುದಕ್ಕಲ್ಲ.

ಇಷ್ಟು ಹೇಳಿದರೆ ಮೂರು ಆಕ್ಷೇಪಗಳು ಬರುತ್ತವೆ. ಮೂರನ್ನೂ ನಾನು ಹಗುರವಾಗಿ ಕಾಣುವುದಿಲ್ಲ.

ಮೊದಲನೆಯದು, ಎಲ್ಲವೂ ಮೊಬೈಲಿನಲ್ಲಿದೆ, ನೆನಪಿಟ್ಟುಕೊಳ್ಳುವುದೇ ಬೇಡ ಎನ್ನುವುದು. ಮೊಬೈಲು ಕೇಳಿದ್ದಕ್ಕೆ ಉತ್ತರ ಕೊಡುತ್ತದೆ. ಏನನ್ನು ಕೇಳಬೇಕು ಎನ್ನುವುದು ಕೇಳುವವನ ತಲೆಯಲ್ಲಿ ಮೊದಲೇ ಇರಬೇಕು. ತುಂಗೆ ಪೂರ್ವಕ್ಕೂ ಶರಾವತಿ ಪಶ್ಚಿಮಕ್ಕೂ ಹೋಗುತ್ತದೆ ಎಂಬ ಎರಡು ಸಂಗತಿ ನೆನಪಿನಲ್ಲಿ ಇದ್ದವನಿಗೆ ಮಾತ್ರ ‘ಏಕೆ’ ಎಂಬ ಪ್ರಶ್ನೆ ಹೊಳೆಯುತ್ತದೆ. ಖಾಲಿ ತಲೆಯಲ್ಲಿ ಪ್ರಶ್ನೆ ಹುಟ್ಟುವುದಿಲ್ಲ.

ಎರಡನೆಯದು ಬಡತನದ ಮಾತು. ಶಿವಮೊಗ್ಗದ ಕೋಚಿಂಗ್ ಸೆಂಟರುಗಳಿಗೆ ಸೊರಬದಿಂದ, ಹೊಸನಗರದಿಂದ ಬಂದು ರೂಮು ಮಾಡಿಕೊಂಡು ಓದುವ ಮಕ್ಕಳಿಗೆ ಈ ‘ಏಕೆ, ಹೇಗೆ’ಗಳ ಹಿಂದೆ ಹೋಗಲು ಪುರಸೊತ್ತೆಲ್ಲಿ? ಮನೆಯವರು ಸಾಲ ಮಾಡಿ ಕಳಿಸಿದ್ದಾರೆ. ಒಂದು ಅಂಕಕ್ಕೆ ಕೆಲಸ ಹೋಗುತ್ತದೆ. ಈ ಮಾತಿನ ಮುಂದೆ ನಾನು ತಲೆಬಾಗುತ್ತೇನೆ. ಅದಕ್ಕೇ ನನ್ನ ದೂರು ಆ ಮಕ್ಕಳ ಮೇಲಲ್ಲ, ಪ್ರಶ್ನೆ ಮಾಡುವವರ ಮೇಲೆ. ಪರೀಕ್ಷೆ ಏನನ್ನು ಕೇಳುತ್ತದೋ ಅದನ್ನೇ ಮಕ್ಕಳು ಓದುತ್ತಾರೆ. ‘ತುಂಗಭದ್ರೆಯ ಉಗಮ ಯಾವುದು’ ಎಂದು ಕೇಳುವ ಜಾಗದಲ್ಲಿ ಎರಡು ನದಿಗಳ ದಿಕ್ಕು ಕೊಟ್ಟು ಕಾರಣ ಆರಿಸಿ ಎಂದರೂ ಅದು ನಾಲ್ಕು ಆಯ್ಕೆಯ ಪ್ರಶ್ನೆಯೇ, ಒಂದೇ ಅಂಕದ್ದೇ. ಕಾರಣ ಓದಿದವನು ಗೆಲ್ಲುತ್ತಾನೆ. ಪ್ರಶ್ನೆಪತ್ರಿಕೆಯ ಬಗೆಗಿನ ನಮ್ಮ ಅಸಡ್ಡೆ ಎಷ್ಟೆಂದು 2024ರ ಆಗಸ್ಟ್ 27ರಂದು ನಡೆದ ಕೆಎಎಸ್ ಪೂರ್ವಭಾವಿ ಪರೀಕ್ಷೆ ತೋರಿಸಿತು. ಕನ್ನಡದ ಪ್ರಶ್ನೆಗಳಲ್ಲಿ ಅನುವಾದದ ತಪ್ಪುಗಳು ತುಂಬಿ ಮರುಪರೀಕ್ಷೆ ನಡೆಸಬೇಕಾಯಿತು. ಡಿಸೆಂಬರ್ 29ರ ಮರುಪರೀಕ್ಷೆಯ ಮೇಲೂ ಅದೇ ದೂರು ಬಂತು. ಕನ್ನಡ ನಾಡಿನ ಅಧಿಕಾರಿಯನ್ನು ಆರಿಸುವ ಪ್ರಶ್ನೆಯನ್ನು ಕನ್ನಡದಲ್ಲಿ ಯೋಚಿಸಿ ಬರೆಯುವವರು ನಮಗೆ ಬೇಕು. ಹಾಗೆ ಬರೆದರೆ ವಂಕಿಪುರ, ವೀರಗಲ್ಲು, ಮಂಟಪ ತಾವಾಗಿ ಪ್ರಶ್ನೆಯೊಳಗೆ ಬರುತ್ತವೆ.

ಮೂರನೆಯದು, ಊರಿನ ಸಂಗತಿಗೆ ಅಂಟಿಕೊಂಡರೆ ಮಕ್ಕಳು ಕೂಪಮಂಡೂಕರಾಗುತ್ತಾರೆ ಎನ್ನುವುದು. ನಾನು ಕಂಡದ್ದು ಇದಕ್ಕೆ ಉಲ್ಟಾ. ಕೋಟೆಯ ವೀರಗಲ್ಲನ್ನು ಓದಲು ಕಲಿತವಳಿಗೆ ಈಜಿಪ್ಟಿನ ಸಮಾಧಿಯ ಚಿತ್ರಪಟ್ಟಿ ಅಪರಿಚಿತವಾಗಿ ಕಾಣುವುದಿಲ್ಲ. ಭದ್ರಾವತಿಯ ಇದ್ದಿಲಿನ ಕಥೆ ತಿಳಿದವನಿಗೆ, ಕಾಡು ಕರಗಿದ್ದರಿಂದ ಇಂಗ್ಲೆಂಡು ಕಲ್ಲಿದ್ದಲಿಗೆ ತಿರುಗಿದ ಕಥೆ ಥಟ್ಟನೆ ಅರ್ಥವಾಗುತ್ತದೆ. ಆಗುಂಬೆಯ ಮಳೆ ಗೊತ್ತಿದ್ದವನಿಗೆ ಆಂಡಿಸ್ ಪರ್ವತದ ಒಂದು ಮಗ್ಗುಲು ಕಾಡಾಗಿ ಇನ್ನೊಂದು ಮಗ್ಗುಲು ಮರುಭೂಮಿಯಾದದ್ದು ಒಗಟಲ್ಲ. ಶಿವತತ್ತ್ವರತ್ನಾಕರ ಬರೆದ ಅರಸ ಲೋಕದ ಭೂಗೋಳವನ್ನೂ ಬರೆದ, ಕೆಳದಿಯ ಕಥೆಯನ್ನೂ ಬರೆದ. ಒಂದೇ ಗ್ರಂಥದಲ್ಲಿ ಎರಡೂ ಹಿಡಿಸಿದವು.

ಹಾಗಾದರೆ ಮಾಡಬೇಕಾದದ್ದೇನು? ದೊಡ್ಡ ಯೋಜನೆ ಏನೂ ಬೇಡ. ಶಾಲೆಗಳಲ್ಲಿ ರಸಪ್ರಶ್ನೆ ನಡೆಸುವವರು ಸರಿಯುತ್ತರಕ್ಕೆ ಅರ್ಧ ಅಂಕ, ‘ಹೇಗೆ ಗೊತ್ತು’ ಎಂಬುದಕ್ಕೆ ಇನ್ನರ್ಧ ಅಂಕ ಇಡಲಿ. ಗೈಡು ಅಚ್ಚು ಹಾಕುವವರು ಉತ್ತರದ ಕೆಳಗೆ ಒಂದೇ ಒಂದು ಸಾಲು ಕಾರಣ ಸೇರಿಸಲಿ, ಹಳೆಯದಾದ ಉತ್ತರವನ್ನು ತಿದ್ದಲಿ. ಮೇಷ್ಟ್ರುಗಳು ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ತಮ್ಮೂರಿನ ಒಂದು ಕಲ್ಲು, ಒಂದು ಕೆರೆ, ಒಂದು ಕಾರ್ಖಾನೆಯ ಗೇಟಿನ ಮುಂದೆ ನಿಲ್ಲಿಸಿ ಅಲ್ಲಿಯೇ ಪ್ರಶ್ನೆ ಕೇಳಲಿ. ಮನೆಯಲ್ಲಿ ಮಗು ‘ಗೊತ್ತಾ ಅಪ್ಪಾ?’ ಎಂದು ಏನನ್ನಾದರೂ ಹೇಳಿದಾಗ ‘ಶಭಾಷ್’ ಎಂದು ಸುಮ್ಮನಾಗದೆ, ‘ಅದು ಯಾಕೆ ಹಾಗೆ?’ ಎಂದು ಕೇಳಿ. ನಿಮಗೂ ಗೊತ್ತಿಲ್ಲದಿದ್ದರೆ ಇಬ್ಬರೂ ಕೂಡಿ ಹುಡುಕಿ.

ಮುಂದಿನ ಮಳೆಗಾಲದಲ್ಲಿ ತುಂಗೆ ಮತ್ತೆ ತುಂಬುತ್ತಾಳೆ. ಕೋಟೆಯ ಕಡೆ ಬರುವವರು ಮಕ್ಕಳನ್ನೂ ಕರೆತನ್ನಿ. ಮಂಟಪದ ಎಷ್ಟು ಕಂಬ ಕಾಣುತ್ತಿದೆ ಎಂದು ಅವರೇ ಎಣಿಸಲಿ. ನಾಳೆ ಮುಳುಗುತ್ತದೆಯೋ ಇಲ್ಲವೋ ಎಂದು ಕೇಳಿ, ಕಾರಣವನ್ನೂ ಕೇಳಿ. ಬೆಳಿಗ್ಗೆ ಮತ್ತೆ ಕರೆದುಕೊಂಡು ಬಂದು ತೋರಿಸಿ.